6 ರೂಪಾಯಿ 78 ಪೈಸೆಯಲ್ಲಿ ನಮ್ಮೂರಿನ ಹೀರೇಕಾಯಿಗೆ ಜಾಗ ಇದೆಯಾ?

ಇವತ್ತಿನ ಮಾತು ಒಂದು ಲೆಕ್ಕದಿಂದ ಶುರು. ಲೆಕ್ಕ ಅಂದ ಕೂಡಲೇ ಸ್ಕಿಪ್ ಮಾಡಬೇಡಿ, ಸಣ್ಣ ಲೆಕ್ಕ ಇದು.

6 ರೂಪಾಯಿ 78 ಪೈಸೆ. ಸರ್ಕಾರಿ ಶಾಲೆಯಲ್ಲಿ 1ರಿಂದ 5ನೇ ತರಗತಿ ಓದುವ ಒಂದು ಮಗುವಿನ ಒಂದು ಹೊತ್ತಿನ ಬಿಸಿಯೂಟಕ್ಕೆ, ಅಕ್ಕಿ ಬಿಟ್ಟು ಉಳಿದ ಸಾಮಾನಿಗೆ, 2025ರ ಮೇ 1ರಿಂದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಮೊತ್ತ ಇದು. 6ರಿಂದ 8ನೇ ತರಗತಿಯವರಿಗೆ 10 ರೂಪಾಯಿ 17 ಪೈಸೆ. ನೂರು ರೂಪಾಯಿಯಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಬೇಳೆ, ಎಣ್ಣೆ, ತರಕಾರಿ, ಉಪ್ಪು, ಖಾರ, ಗ್ಯಾಸು ಎಲ್ಲವೂ ಇದರೊಳಗೇ ಆಗಬೇಕು. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಇಷ್ಟು ದುಡ್ಡಿಗೆ ಒಂದು ಕಪ್ ಚಹಾ ಸಿಗೋದೂ ಕಷ್ಟ.

ನನ್ನ ಪ್ರಶ್ನೆ ಇಷ್ಟೇ. ಈ ದುಡ್ಡಿನೊಳಗೆ ನಮ್ಮೂರ ಹೊಲದ ಹೀರೇಕಾಯಿ, ಪುಂಡಿ ಪಲ್ಯ, ನುಗ್ಗೆ ಸೊಪ್ಪು, ಚವಳಿಕಾಯಿಗೆ ಜಾಗ ಇದೆಯಾ? ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ತಾಲ್ಲೂಕುಗಳನ್ನು ಇಟ್ಕೊಂಡು ಇವತ್ತು ಇದನ್ನೇ ಮಾತಾಡ್ತೀನಿ.

ಮೊದಲು ಸ್ವಲ್ಪ ಹಿನ್ನೆಲೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು, ಬರೀ ಕಾಳು ಹಂಚಿದರೆ ಸಾಲದು ಅಂತ. ನಮ್ಮ ರಾಜ್ಯ 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಶುರು ಮಾಡಿತು. ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ. ಮೊದಲು ಬಂದದ್ದು ನಮ್ಮ ರಾಯಚೂರೂ ಸೇರಿ ಉತ್ತರದ ಏಳು ಜಿಲ್ಲೆಗಳಿಗೆ. ಉಳಿದ ಜಿಲ್ಲೆಗಳಿಗೆ ಆಮೇಲೆ ಹೋಯಿತು. ಅವತ್ತು ತಟ್ಟೆ ಹಿಡ್ಕೊಂಡು ಸಾಲಿನಲ್ಲಿ ನಿಂತ ಮೊದಲ ಬ್ಯಾಚಿನ ಮಕ್ಕಳು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಎಷ್ಟೋ ಜನರ ಮಕ್ಕಳು ಈಗ ಅದೇ ಸಾಲಿನಲ್ಲಿ ನಿಂತಿದ್ದಾರೆ.

ಅಂದಿನಿಂದ ಇಂದಿಗೆ ತಟ್ಟೆ ಬದಲಾಗಿದೆ, ಅದನ್ನು ಒಪ್ಪಲೇಬೇಕು. 2013ರ ಆಗಸ್ಟ್‌ನಲ್ಲಿ ಕ್ಷೀರ ಭಾಗ್ಯ ಬಂತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಬಂತು, ಅದೂ ಮೊದಲು ನಮ್ಮ ಕಲ್ಯಾಣ ಕರ್ನಾಟಕವೂ ಸೇರಿ ಉತ್ತರದ ಜಿಲ್ಲೆಗಳಿಗೆ. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದ ಮೇಲೆ ಮೊಟ್ಟೆ ವಾರಕ್ಕೆ ಆರು ದಿನ ಆಯಿತು. ಹಾಲಿನ ಬಗ್ಗೆ ಚರ್ಚೆ ಆಯಿತು, ಮೊಟ್ಟೆಯ ಬಗ್ಗೆ ದೊಡ್ಡ ಜಗಳವೇ ಆಯಿತು. ಆದರೆ ಸಾಂಬಾರಿನೊಳಗೆ ಬೀಳುವ ತರಕಾರಿ ಬಗ್ಗೆ ಯಾರೂ ಮಾತಾಡಲಿಲ್ಲ.

ನಿಯಮ ಏನು ಹೇಳುತ್ತೆ? ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ದೊಡ್ಡ ಮಕ್ಕಳಿಗೆ 150, 30, 75, ಏಳೂವರೆ ಗ್ರಾಂ. ಅಕ್ಕಿ ಆಹಾರ ನಿಗಮದ ಗೋದಾಮಿನಿಂದ ಬರುತ್ತೆ. ಬೇಳೆ, ಎಣ್ಣೆ ಕೂಡ ಹೆಚ್ಚಾಗಿ ಸರ್ಕಾರವೇ ಕಳಿಸುತ್ತೆ. ತರಕಾರಿ ಮಾತ್ರ ಶಾಲೆಯವರೇ ಕೊಳ್ಳಬೇಕು. ಅಂದರೆ ಊರಿನವರು ಕೈ ಇಡಬಹುದಾದ ಜಾಗ ಇಡೀ ತಟ್ಟೆಯಲ್ಲಿ ಇದೊಂದೇ. ಈ ಮಾತನ್ನು ನೆನಪಿಟ್ಕೊಳ್ಳಿ.

ಈಗ ಲೆಕ್ಕ. ತೊಗರಿ ಬೇಳೆ ಕಿಲೋಗೆ 120 ಅಂತ ಹಿಡಿಯೋಣ. 20 ಗ್ರಾಂಗೆ 2 ರೂಪಾಯಿ 40 ಪೈಸೆ. ಎಣ್ಣೆ ಕಿಲೋಗೆ 150 ಅಂದ್ರೆ 5 ಗ್ರಾಂಗೆ 75 ಪೈಸೆ. ತರಕಾರಿ ಕಿಲೋಗೆ 30 ಅಂದ್ರೆ 50 ಗ್ರಾಂಗೆ ಒಂದೂವರೆ ರೂಪಾಯಿ. ಒಟ್ಟು 4 ರೂಪಾಯಿ 65 ಪೈಸೆ. ಉಪ್ಪು, ಖಾರ, ಸಾಸಿವೆ, ಗ್ಯಾಸಿಗೆ 2 ರೂಪಾಯಿ 13 ಪೈಸೆ ಉಳೀತು. ಬಿಗಿಯಾಗಿದೆ, ಆದರೆ ಆಗುತ್ತೆ.

ಈಗ 2023ರ ಜುಲೈ ನೆನಪು ಮಾಡ್ಕೊಳ್ಳಿ. ಟೊಮ್ಯಾಟೊ ಕಿಲೋಗೆ 100 ದಾಟಿತ್ತು. ಆ ರೇಟಿನಲ್ಲಿ 50 ಗ್ರಾಂಗೇ 5 ರೂಪಾಯಿ. ಬೇಳೆ, ಎಣ್ಣೆ ಸೇರಿದರೆ 8 ರೂಪಾಯಿ 15 ಪೈಸೆ. ಇವತ್ತಿನ ದರದಲ್ಲೂ ಲೆಕ್ಕ ಅಲ್ಲೇ ಮುರಿದು ಬೀಳುತ್ತೆ. ಹಂಗಾದಾಗ ಏನಾಗುತ್ತೆ? 50 ಗ್ರಾಂ ಹೋಗಿ 20 ಗ್ರಾಂ ಆಗುತ್ತೆ. ಸಾಂಬಾರು ತೆಳುವಾಗುತ್ತೆ. ರಿಜಿಸ್ಟರಿನಲ್ಲಿ ಮಾತ್ರ 50 ಗ್ರಾಂ ಹಾಗೇ ಇರುತ್ತೆ.

ಇಲ್ಲಿಯೇ ಋತುವಿನ ಮಾತು ಬರೋದು. ಜುಲೈನಲ್ಲಿ ಟೊಮ್ಯಾಟೊ ತುಟ್ಟಿ ಆಗಬಹುದು. ಆದರೆ ಅದೇ ಹೊತ್ತಿಗೆ, ಮಳೆ ಬಿದ್ದರೆ, ನಮ್ಮ ಹೊಲದ ಬದುವಿನಲ್ಲಿ ಪುಂಡಿ ಎದ್ದು ನಿಂತಿರುತ್ತೆ. ಹುಳಿಗೆ ಟೊಮ್ಯಾಟೊ ಯಾಕೆ ಬೇಕು, ಪುಂಡಿಯೇ ಹುಳಿ. ಬೇಳೆ ಜೊತೆ ಕುದಿಸಿ, ಒಗ್ಗರಣೆ ಕೊಟ್ಟರೆ ಆಯ್ತು. ಹುಣಸೆ ಮರ ಊರಿಗೆ ಹತ್ತಾರು ಇವೆ. ನಮ್ಮ ಅಜ್ಜಿಯರು ತಿಂಗಳು ನೋಡಿ ಅಡಿಗೆ ಮಾಡುತ್ತಿದ್ದರು. ನಾವು ವರ್ಷವಿಡೀ ಟೊಮ್ಯಾಟೊ, ಆಲೂಗಡ್ಡೆ, ಟೊಮ್ಯಾಟೊ, ಆಲೂಗಡ್ಡೆ. ಶಾಲೆಯ ಅಡಿಗೆ ಮನೆಯೂ ಅದೇ ಹಾದಿ ಹಿಡಿದಿದೆ.

ಶಾಲೆಯ ವರ್ಷ ಸುಮಾರು ಜೂನ್‌ನಿಂದ ಏಪ್ರಿಲ್‌ವರೆಗೆ. ನಮ್ಮ ಭಾಗದ ಬೆಳೆಯನ್ನು ಇದರ ಮೇಲೆ ಇಟ್ಟು ನೋಡಿ. ಮುಂಗಾರಿನಲ್ಲಿ ಪುಂಡಿ, ರಾಜಗಿರಿ, ಹೀರೇಕಾಯಿ, ಬೆಂಡೆ, ಚವಳಿಕಾಯಿ. ದಸರಾ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಕುಂಬಳ, ಬದನೆ. ಹಿಂಗಾರು ಬಂದರೆ ಮೆಂತ್ಯೆ, ಪಾಲಕ್, ಅವರೆ, ಹಸಿ ತೊಗರಿ, ಕಡಲೆ ಸೊಪ್ಪು, ಎಳೆ ಕುಸುಬಿ ಪಲ್ಯ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಚರಗ ಚೆಲ್ಲೋಕೆ ಹೊಲಕ್ಕೆ ಹೋದಾಗ ಬುತ್ತಿಯಲ್ಲಿ ಇರೋದೆಲ್ಲ ಇದೇ ತಾನೆ? ಜನವರಿಯಲ್ಲಿ ಬಾರಿ ಹಣ್ಣು. ಫೆಬ್ರವರಿ, ಮಾರ್ಚ್‌ನಲ್ಲಿ ನುಗ್ಗೆ, ಉಳ್ಳಾಗಡ್ಡಿ, ಒಣಗಿಸಿಟ್ಟ ಪಲ್ಯ. ಖಾಲಿ ಬಿಡುವ ತಿಂಗಳು ಯಾವುದೂ ಇಲ್ಲ. ಬೇಸಿಗೆ ಮಾತ್ರ ಕಷ್ಟ.

ಈಗ ಮೂರು ತಾಲ್ಲೂಕು ನೋಡೋಣ, ಯಾಕಂದ್ರೆ ಮೂರೂ ಒಂದೇ ಥರ ಅಲ್ಲ.

ಸಿಂಧನೂರು ಅಂದ್ರೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ಸೋನಾ ಮಸೂರಿ, ರೈಸ್ ಮಿಲ್ಲು. ನೀರಿದೆ, ಆದರೆ ನೀರು ಕಂಡ ಕೂಡಲೇ ಭತ್ತ ನಾಟಿ. ಕಣ್ಣು ಹಾಯಿಸಿದಷ್ಟು ದೂರ ಹಸಿರು, ಆ ಹಸಿರಿನಲ್ಲಿ ಸಾಂಬಾರಿಗೆ ಹಾಕುವಂಥದ್ದು ಸಿಗೋದು ಕಡಿಮೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳು, ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು ಈ ತಾಲ್ಲೂಕಿನಲ್ಲಿ ಆದವು. ಕನ್ನಡ, ತೆಲುಗು, ಬಂಗಾಳಿ, ಉರ್ದು ಮಾತಾಡುವ ಮಕ್ಕಳು ಒಂದೇ ತಾಲ್ಲೂಕಿನಲ್ಲಿ ಬಿಸಿಯೂಟ ಉಣ್ತಾರೆ. ಗೋಂಗೂರ ಅನ್ನಿ, ಪುಂಡಿ ಅನ್ನಿ, ಎಲೆ ಒಂದೇ.

ಲಿಂಗಸುಗೂರು ಬೇರೆ. ಹಟ್ಟಿ ಚಿನ್ನದ ಗಣಿ, ಮುದಗಲ್ ಕೋಟೆ ಇರೋ ತಾಲ್ಲೂಕು. ಒಂದಷ್ಟು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ, ಉಳಿದದ್ದು ಮಳೆ ನಂಬಿದ ಹೊಲ. ತೊಗರಿ, ಸಜ್ಜೆ, ಜೋಳ, ಸೂರ್ಯಕಾಂತಿ, ಕಡಲೆ. ತೊಗರಿ ಸಾಲಿನ ನಡುವೆ ಒಂದೆರಡು ಸಾಲು ಪುಂಡಿ ಹಾಕೋದು ಇಲ್ಲಿ ಹೊಸದೇನಲ್ಲ.

ಮಸ್ಕಿ ಇವೆರಡರ ನಡುವೆ. 1915ರಲ್ಲಿ ಇಲ್ಲಿ ಸಿಕ್ಕ ಬಂಡೆಯ ಶಾಸನದಲ್ಲಿ ಅಶೋಕನ ಹೆಸರೇ ಇತ್ತು, ಅದರಿಂದ ಊರು ಜಗತ್ತಿಗೆ ಗೊತ್ತಾಯಿತು. ಆದರೆ ತಾಲ್ಲೂಕು ಆಗಿದ್ದು ತೀರ ಈಚೆಗೆ. ಇಲ್ಲಿ ಒಂದು ಕಡೆ ಕಾಲುವೆ ನೀರು, ಇನ್ನೊಂದು ಕಡೆ ಕಾಲುವೆಗಾಗಿ ಹೋರಾಟ. ಪಾಮನಕಲ್ಲೂರಿನಲ್ಲಿ 5ಎ ಕಾಲುವೆ ಬೇಕು ಅಂತ ರೈತರು ಧರಣಿ ಕೂತದ್ದು ನಿಮಗೆ ನೆನಪಿರಬಹುದು. ನೀರು ಇಲ್ಲದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗೋದು ಇವತ್ತಿಗೂ ನಿಂತಿಲ್ಲ. ಅಪ್ಪ, ಅಮ್ಮ ಹೋದರೆ ಮಗು ಶಾಲೆ ಬಿಡುತ್ತೆ, ಇಲ್ಲವೆ ಅಜ್ಜಿ ಹತ್ತಿರ ಉಳಿಯುತ್ತೆ. ಉಳಿದ ಮಗುವಿಗೆ ದಿನದ ಗಟ್ಟಿ ಊಟ ಅಂದ್ರೆ ಶಾಲೆಯದ್ದೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ನೂರಕ್ಕೆ 35. ಈ ಮಕ್ಕಳೇ ನಾಳೆ 1ನೇ ತರಗತಿಗೆ ಬರೋದು. ಕಬ್ಬಿಣದ ಗುಳಿಗೆ ಕೊಡ್ತಾರೆ, ಒಳ್ಳೇದು. ಆದರೆ ಹಿತ್ತಲಲ್ಲಿ ನುಗ್ಗೆ ಗಿಡ ಇದೆ, ಅದರ ಸೊಪ್ಪು ಆಡಿನ ಬಾಯಿಗೆ ಹೋಗ್ತಿದೆ. ಸೊಪ್ಪಿನ ಜೊತೆ ಸ್ವಲ್ಪ ನಿಂಬೆ ಹಿಂಡಿದರೆ ಅದರ ಕಬ್ಬಿಣ ದೇಹಕ್ಕೆ ಇನ್ನೂ ಚೆನ್ನಾಗಿ ಹತ್ತುತ್ತೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಮಗಾಗಿಯೇ ಮಾಡಿದ್ದಾರೇನೋ.

ಸರಿ, ಎಷ್ಟು ಬೆಳೆಯಬೇಕು? ನೂರು ಮಕ್ಕಳ ಶಾಲೆ ತಗೊಳ್ಳಿ. ದಿನಕ್ಕೆ 5 ಕಿಲೋ ತರಕಾರಿ. ವರ್ಷಕ್ಕೆ 220 ದಿನ ಊಟ ಅಂದ್ರೆ 1,100 ಕಿಲೋ, ಅಂದ್ರೆ 11 ಕ್ವಿಂಟಾಲ್. ಬೆಂಡೆಯಂಥ ಬೆಳೆ ನೆಟ್ಟಗೆ ಬಂದರೆ ಎಕರೆಗೆ 40 ಕ್ವಿಂಟಾಲ್ ಸಿಗುತ್ತೆ. ಹಾಗಾದ್ರೆ ಒಂದು ಶಾಲೆಗೆ ಬೇಕಾದ ಜಾಗ ಸುಮಾರು 11 ಗುಂಟೆ. ಕಾಲು ಎಕರೆಗಿಂತ ಚೂರು ಹೆಚ್ಚು. ಮೂರು ತಾಲ್ಲೂಕಿನ ಯಾವ ಊರಿನಲ್ಲಿ 11 ಗುಂಟೆ ಇಲ್ಲ ಹೇಳಿ?

ದುಡ್ಡಿನ ಕಡೆಯಿಂದಲೂ ನೋಡಿ. ಒಂದು ಗ್ರಾಮ ಪಂಚಾಯಿತಿಯಲ್ಲಿ ಎಲ್ಲ ಶಾಲೆ ಸೇರಿ 600 ಮಕ್ಕಳು ಅಂದ್ಕೊಳ್ಳಿ. ದಿನಕ್ಕೆ 30 ಕಿಲೋ. ವರ್ಷಕ್ಕೆ 6,600 ಕಿಲೋ. ಕಿಲೋಗೆ 30 ರೂಪಾಯಿ ಅಂದ್ರೂ 1 ಲಕ್ಷ 98 ಸಾವಿರ. ಈ ದುಡ್ಡು ಈಗಲೂ ಖರ್ಚು ಆಗ್ತಾನೇ ಇದೆ, ಹೊಸದಾಗಿ ಯಾರೂ ಕೊಡಬೇಕಿಲ್ಲ. ಪೇಟೆಯ ಅಂಗಡಿಗೆ ಹೋಗುತ್ತೋ, ಊರಿನ ನಾಲ್ಕೈದು ಮನೆಗೆ ಬರುತ್ತೋ ಅನ್ನೋದಷ್ಟೇ ಪ್ರಶ್ನೆ. ಇದರಿಂದ ಗುಳೆ ನಿಂತುಬಿಡುತ್ತೆ ಅಂತ ನಾನು ಹೇಳಲ್ಲ. ಆದರೆ ವಾರ ವಾರ ಕೈಗೆ ಬರುವ ದುಡ್ಡು ಇದ್ದರೆ ನಾಲ್ಕೈದು ಮನೆಯವರು ಬೇಸಿಗೆಯಲ್ಲಿ ಊರು ಬಿಡೋ ಮುಂಚೆ ಎರಡು ಸಲ ಯೋಚನೆ ಮಾಡ್ತಾರೆ.

ಇಷ್ಟು ಸುಲಭ ಇದ್ರೆ ಯಾಕೆ ಆಗ್ತಿಲ್ಲ? ಆಗದೇ ಇರೋದಕ್ಕೆ ಗಟ್ಟಿ ಕಾರಣಗಳಿವೆ.

ಮೊದಲನೇದು, ದುಡ್ಡು ಬರೋ ಹೊತ್ತು. ಶಾಲೆಗೆ ಅನುದಾನ ತಡವಾಗಿ ಬಂದರೆ ಪೇಟೆಯ ಅಂಗಡಿಯವನು ಎರಡು ತಿಂಗಳು ಉದ್ರಿ ಕೊಡ್ತಾನೆ. ಮೆಂತ್ಯೆ ಕಟ್ಟು ಮಾರಿ ಅವತ್ತಿನ ಸಂತೆ ಮಾಡುವ ಹೆಣ್ಣುಮಗಳು ಉದ್ರಿ ಕೊಡೋಕೆ ಆಗುತ್ತಾ? ಆಗಲ್ಲ. ಎರಡನೇದು, ಬಿಲ್ಲು. ಅಂಗಡಿಯವನ ಹತ್ತಿರ ಬಿಲ್ ಬುಕ್ ಇರುತ್ತೆ, ರೈತರ ಹತ್ತಿರ ಇರಲ್ಲ. ಆಡಿಟ್ ಬಂದಾಗ ಉತ್ತರ ಕೊಡೋದು ಮುಖ್ಯ ಶಿಕ್ಷಕರು.

ಮೂರನೇದು, ಬೆಳೆಗೆ ಶಾಲೆಯ ಟೈಮ್‌ಟೇಬಲ್ ಗೊತ್ತಿಲ್ಲ. ಶಾಲೆಗೆ ದಿನಾ 5 ಕಿಲೋ ಬೇಕು. ಹೀರೇ ಬಳ್ಳಿ ಒಂದು ದಿನ 25 ಕಿಲೋ ಕೊಡುತ್ತೆ, ಮೂರು ದಿನ ಸುಮ್ಮನಿರುತ್ತೆ. ಒಬ್ಬ ರೈತನನ್ನು ಒಂದು ಶಾಲೆಗೆ ಕಟ್ಟಿಹಾಕಿದರೆ ಇಬ್ಬರಿಗೂ ನಷ್ಟ.

ನಾಲ್ಕನೇದು, ಅಡುಗೆಯವರು. ಇದನ್ನು ಯಾರೂ ಹೇಳಲ್ಲ. 26ರಿಂದ 100 ಮಕ್ಕಳಿಗೆ ನಿಯಮದ ಪ್ರಕಾರ ಇಬ್ಬರು ಅಡುಗೆಯವರು. ಆಲೂಗಡ್ಡೆ ಹೆಚ್ಚೋದು ಬೇಗ. ರಾಜಗಿರಿ, ಮೆಂತ್ಯೆ ಸೊಪ್ಪು 5 ಕಿಲೋ ಬಿಡಿಸಿ, ಮಣ್ಣು ಹೋಗುವಂಗೆ ಮೂರು ಸಲ ತೊಳೆದು ಹೆಚ್ಚೋದು ದೊಡ್ಡ ಕೆಲಸ. 2025-26ರ ಬಜೆಟ್‌ನಲ್ಲಿ ಇವರ ಗೌರವಧನ 1,000 ರೂಪಾಯಿ ಏರಿತು. ಏರಿದ ಮೇಲೂ ಅದು ತಿಂಗಳಿಗೆ 5,000 ಮುಟ್ಟಿಲ್ಲ. ಸೊಪ್ಪು ತನ್ನಿ ಅಂತ ನಾವು ಭಾಷಣ ಮಾಡಿ ಹೋಗ್ತೀವಿ, ಬೆರಳು ಕಪ್ಪಾಗೋದು ಅವರದ್ದು. ಹಂಗಾಗಿ ಸೊಪ್ಪು ಬಿಡಿಸಿ, ಕಟ್ಟಿ ಕೊಡುವ ಕೆಲಸವೂ ಖರೀದಿಯ ಲೆಕ್ಕದಲ್ಲೇ ಬರಬೇಕು. ಕಿಲೋಗೆ ನಾಲ್ಕೈದು ರೂಪಾಯಿ ಹೆಚ್ಚು ಕೊಟ್ಟರೂ ಪರವಾಗಿಲ್ಲ. 5 ರೂಪಾಯಿ ಹೆಚ್ಚಾದರೆ ಒಂದು ಮಗುವಿಗೆ ಬೀಳೋದು 25 ಪೈಸೆ.

ಐದನೇದು, ವಿಷ. ನಮ್ಮದು ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ನಾಡು. ಔಷಧಿ ಹೊಡೆಯೋದು ಜಾಸ್ತಿ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದಲ್ಲಿ ಶಾಲೆಯ ಊಟ ಉಂಡು 23 ಮಕ್ಕಳು ತೀರಿಕೊಂಡರು. ಊಟದಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಅದಕ್ಕೇ ಹೇಳೋದು, ಊರಿನ ತರಕಾರಿ ಅಂದ ಮಾತ್ರಕ್ಕೆ ಕಣ್ಮುಚ್ಚಿ ತಗೋಬಾರದು. ಔಷಧಿ ಹೊಡೆದ ದಿನ, ಕಟಾವು ಮಾಡಿದ ದಿನ, ಎರಡೂ ಚೀಟಿಯಲ್ಲಿ ಬರೆದಿರಬೇಕು. ಔಷಧಿಯ ಖಾಲಿ ಡಬ್ಬ, ಚೀಲ ಶಾಲೆಯ ಅಂಗಳಕ್ಕೇ ಬರಬಾರದು. ಊರಿನ ತರಕಾರಿಗೆ ಇರೋ ಒಂದು ಅನುಕೂಲ ಅಂದ್ರೆ ಯಾವ ಹೊಲದ್ದು ಅಂತ ಗೊತ್ತಿರುತ್ತೆ, ಹೋಗಿ ನೋಡಬಹುದು. ಪೇಟೆಯ ಚೀಲಕ್ಕೆ ಆ ಅವಕಾಶ ಇಲ್ಲ.

ಈ ಕಷ್ಟಗಳನ್ನು ಬೇರೆಯವರು ಹೇಗೆ ದಾಟಿದರು? ಬ್ರೆಜಿಲ್ ನೋಡಿ. 2009ರಲ್ಲಿ ಅವರು ಒಂದು ಕಾನೂನು ಮಾಡಿದರು. ಶಾಲೆಯ ಊಟಕ್ಕೆ ಕೇಂದ್ರ ಕೊಡುವ ದುಡ್ಡಿನಲ್ಲಿ ನೂರಕ್ಕೆ ಕನಿಷ್ಠ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದಲೇ ಖರೀದಿ ಮಾಡಬೇಕು ಅಂತ. ಟೆಂಡರಿನ ಗೋಜಲು ಇಲ್ಲದೆ, ಸರಳವಾಗಿ ಕೊಳ್ಳುವ ದಾರಿಯನ್ನೂ ಅದರಲ್ಲೇ ಬರೆದರು. ರೈತನ ಮೇಲೆ ಕನಿಕರ ತೋರಿಸಿ ಅಂತ ಅವರು ಕೇಳಲಿಲ್ಲ. ಖರೀದಿಯ ನಿಯಮ ಬದಲಾಯಿಸಿದರು, ಅಷ್ಟೇ.

ನಮ್ಮಲ್ಲೂ ದಾರಿ ಇಲ್ಲ ಅಂತಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಿಸಿಯೂಟಕ್ಕೆ ಪಿಎಂ ಪೋಷಣ್ ಅಂತ ಹೆಸರು ಬಂದಾಗ, ರೈತ ಉತ್ಪಾದಕ ಸಂಸ್ಥೆಗಳನ್ನು, ಮಹಿಳಾ ಸ್ವಸಹಾಯ ಸಂಘಗಳನ್ನು ಇದರಲ್ಲಿ ಸೇರಿಸಿಕೊಳ್ಳಿ, ಸ್ಥಳೀಯವಾಗಿ ಬೆಳೆದದ್ದನ್ನು ಬಳಸಿ, ಶಾಲೆಯಲ್ಲಿ ಪೌಷ್ಟಿಕ ಕೈತೋಟ ಮಾಡಿ ಅಂತ ಕೇಂದ್ರವೇ ಹೇಳಿದೆ. ನಮ್ಮ ರಾಜ್ಯದಲ್ಲಿ ಸಂಜೀವಿನಿ ಸಂಘಗಳ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳಿವೆ. ಒಕ್ಕೂಟಕ್ಕೆ ಬ್ಯಾಂಕ್ ಖಾತೆ ಇದೆ, ಲೆಕ್ಕದ ಪುಸ್ತಕ ಇದೆ. ಒಕ್ಕೂಟ ಏಳೆಂಟು ಮನೆಯ ತರಕಾರಿ ಒಂದೆಡೆ ಸೇರಿಸಿ, ತೂಕ ಮಾಡಿ, ಬಿಲ್ ಬರೆದು ನಾಲ್ಕೈದು ಶಾಲೆಗೆ ಹಂಚಿದರೆ? ಬಿಲ್ಲಿನ ಕಷ್ಟ ಹೋಯಿತು. 25 ಕಿಲೋ ಹೀರೇಕಾಯಿ ಒಂದೇ ಬೆಳಿಗ್ಗೆ ಖಾಲಿ ಆಯಿತು. ಅನುದಾನ ತಡ ಆದಾಗ ಒಕ್ಕೂಟದ ನಿಧಿಯಿಂದ ಬೆಳೆದವರಿಗೆ ವಾರ ವಾರ ಕೊಟ್ಟು, ಆಮೇಲೆ ಶಾಲೆಯಿಂದ ವಸೂಲಿ ಮಾಡಬಹುದು. ಆದರೆ ಆ ಸುತ್ತುನಿಧಿಗೆ ಜಿಲ್ಲಾ ಪಂಚಾಯಿತಿ ಮೊದಲು ಸ್ವಲ್ಪ ದುಡ್ಡು ಹಾಕಬೇಕು. ಬಡ ಹೆಣ್ಣುಮಕ್ಕಳ ಉಳಿತಾಯದ ಮೇಲೆ ಸರ್ಕಾರದ ಉದ್ರಿ ನಡೆಯಬಾರದು.

ಇನ್ನು ಜೋಳ. ನಮ್ಮ ಊಟದ ತಾಯಿಬೇರು ಅದು. ಬಿಸಿಯೂಟದಲ್ಲಿ ಮಾತ್ರ ಅನ್ನವೇ ಅನ್ನ. ನೂರು ಮಕ್ಕಳಿಗೆ ಇಬ್ಬರು ರೊಟ್ಟಿ ಬಡಿಯೋಕೆ ಆಗಲ್ಲ, ಸರಿ. ಆದರೆ ಜೋಳದ ನುಚ್ಚು, ಸಂಗಟಿ, ನವಣೆ ಉಪ್ಪಿಟ್ಟು ಒಂದೇ ಪಾತ್ರೆಯಲ್ಲಿ ಆಗುತ್ತೆ. ಸಿರಿಧಾನ್ಯ ಬಳಸೋಕೆ ಯೋಜನೆಯಲ್ಲಿ ಅವಕಾಶ ಇದೆ. ವಾರಕ್ಕೆ ಒಂದು ದಿನ ನುಚ್ಚು, ಜೊತೆಗೆ ಪುಂಡಿ ಬೇಳೆ, ಮೇಲೊಂದಿಷ್ಟು ಶೇಂಗಾ ಹಿಂಡಿ ಇದ್ದರೆ ಮಕ್ಕಳು ಬೇಡ ಅಂತಾರಾ? ಮೊದಲ ಎರಡು ವಾರ ಅನ್ನಬಹುದು. ರುಚಿ ಅನ್ನೋದು ಅಭ್ಯಾಸ. ಟೀಚರ್ ಪಕ್ಕದಲ್ಲಿ ಕೂತು ಅದನ್ನೇ ಉಂಡರೆ ಇನ್ನೂ ಬೇಗ ಅಭ್ಯಾಸ ಆಗುತ್ತೆ.

ನೀರಿನ ಬಗ್ಗೆ ಒಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸಿಂಧನೂರು ಉಸಿರು ಬಿಗಿಹಿಡಿದಿತ್ತು. ಎರಡನೇ ಬೆಳೆಗೆ ನೀರು ಬರುತ್ತೋ ಇಲ್ಲವೋ ಅನ್ನೋ ಚಿಂತೆ ಈಗ ವರ್ಷ ವರ್ಷದ್ದು. ಎರಡನೇ ಭತ್ತಕ್ಕೆ ನೀರಿಲ್ಲದ ವರ್ಷದಲ್ಲೂ, ಕೃಷಿಹೊಂಡ ಅಥವಾ ಬೋರಿನ ಸ್ವಲ್ಪ ನೀರಿನಲ್ಲಿ 11 ಗುಂಟೆ ತರಕಾರಿ ಆಗುತ್ತೆ. ಕೊಳ್ಳೋಕೆ ಶಾಲೆ ಇದೆ ಅಂತ ಮೊದಲೇ ಗೊತ್ತಿದ್ದರೆ ರೈತ ಧೈರ್ಯ ಮಾಡ್ತಾನೆ. ಬರದ ವರ್ಷದಲ್ಲಿ ಈ ಊಟದ ಬೆಲೆ ಏನು ಅಂತ ನಮಗೆ ಗೊತ್ತಿದೆ. 2024ರ ಬೇಸಿಗೆ ರಜೆಯಲ್ಲಿ ರಾಜ್ಯದ 223 ಬರಪೀಡಿತ ತಾಲ್ಲೂಕುಗಳಲ್ಲಿ ಬಿಸಿಯೂಟ ಮುಂದುವರಿಸಲು ಸರ್ಕಾರ ತೀರ್ಮಾನ ಮಾಡಿತ್ತು.

ನೀವು ಕೇಳಬಹುದು, ನಾನೇನು ಮಾಡಲಿ, ನನ್ನ ಕೈಯಲ್ಲಿ ಇರೋದು ಮೊಬೈಲ್ ಒಂದೇ ಅಂತ. ಮೊಬೈಲ್ ಸಾಕು. ನಿಮ್ಮೂರಿನಲ್ಲಿ ಯಾರು ಯಾವ ತಿಂಗಳು ಯಾವ ತರಕಾರಿ ಬೆಳೀತಾರೆ ಅಂತ ಒಂದು ಪಟ್ಟಿ ಮಾಡಿ. ಹತ್ತು ಮನೆ ತಿರುಗಿದರೆ ಆಗುತ್ತೆ. ಅದನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಗೊಂಡು ಹೋಗಿ. ಅದರಲ್ಲಿ ಇರೋದು ಪಾಲಕರೇ, ನಿಮ್ಮ ಅಕ್ಕನೋ ಅಣ್ಣನೋ ಇರ್ತಾರೆ. ಮೂರು ಪ್ರಶ್ನೆ ಕೇಳಿ. ತರಕಾರಿ ಈಗ ಎಲ್ಲಿಂದ ಬರ್ತಿದೆ? ಯಾವ ರೇಟಿಗೆ? ದುಡ್ಡು ಎಷ್ಟು ದಿನಕ್ಕೆ ಕೊಡ್ತಿದ್ದೀರಿ? ಜಗಳಕ್ಕೆ ಅಲ್ಲ, ತಿಳ್ಕೊಳ್ಳೋಕೆ. ವಾರಕ್ಕೆ ಆರು ದಿನವೂ ಬೇಡ, ಮೊದಲು ಎರಡು ದಿನ ಊರಿನ ತರಕಾರಿ ಅಂತ ಶುರು ಮಾಡಿ. ಒಂದು ಋತು ನೋಡಿ. ಎಲ್ಲಿ ಎಡವಿದೆ ಅಂತ ಗೊತ್ತಾದ ಮೇಲೆ ಮೂರನೇ ದಿನ ಸೇರಿಸಿ.

ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿ ಸ್ಟೇಟಸ್ ಹಾಕೋರು ಒಂದು ಬುಟ್ಟಿ ಬಾರಿ ಹಣ್ಣೋ ಪೇರಲವೋ ಶಾಲೆಗೆ ಕೊಡಿ, ಒಳ್ಳೇದೇ. ಆದರೆ ದಾನದಿಂದ ಈ ಕೆಲಸ ನಡೆಯಲ್ಲ. ದಾನ ಒಂದು ದಿನದ್ದು, ಮಗುವಿಗೆ ಹಸಿವು ದಿನಾ. ಬೆಳೆದವರಿಗೆ ಸರಿಯಾದ ಬೆಲೆ, ಬೇಯಿಸುವವರಿಗೆ ಸರಿಯಾದ ಕೂಲಿ, ಮಗುವಿಗೆ ಪೂರ್ತಿ 50 ಗ್ರಾಂ. ಈ ಮೂರೂ ಒಟ್ಟಿಗೆ ಆದರೆ ಮಾತ್ರ ಇದು ನಿಲ್ಲುತ್ತೆ. ದಾಸೋಹ ಅನ್ನೋ ಪದದ ಜೊತೆಗೇ ನಮ್ಮ ಶರಣರು ಕಾಯಕ ಅನ್ನೋ ಪದ ಇಟ್ಟಿದ್ದು ಸುಮ್ಮನೆ ಅಲ್ಲ.

ನಿಮ್ಮೂರ ಶಾಲೆಯಲ್ಲಿ ಇವತ್ತು ಸಾಂಬಾರಿಗೆ ಯಾವ ತರಕಾರಿ ಹಾಕಿದ್ದರು? ಮನೆಯ ಚಿಕ್ಕವರನ್ನು ಸಂಜೆ ಕೇಳಿ ನೋಡಿ. ಅವರು ಹೆಸರು ಹೇಳಿದರೆ ಒಳ್ಳೇದು. ಗೊತ್ತಾಗಲಿಲ್ಲ, ತಟ್ಟೆಯಲ್ಲಿ ಕಾಣಲಿಲ್ಲ ಅಂದ್ರೆ ನಾಳೆಯೇ ಆ ಪಟ್ಟಿ ಶುರು ಮಾಡಿ. ಇವತ್ತಿಗೆ ಇಷ್ಟು.